ಖಾತೆ ನಿಮ್ಮದು, ಬೀಗದ ಕೈ ಆಫೀಸಿನದು

*ನನಗೆ 33 ವರ್ಷ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದಲ್ಲಿ 9 ವರ್ಷದಿಂದ ಇದ್ದೇನೆ. ಯಜಮಾನರಿಗೆ ಬೆಂಗಳೂರಿಗೆ ವರ್ಗವಾಗಿದೆ. ಜೂನ್‌ಗೆ ಮಗಳನ್ನು ಅಲ್ಲೇ ಶಾಲೆಗೆ ಸೇರಿಸಬೇಕು. ಹಾಗಾಗಿ ಯಾರಿಗೂ ಹೇಳದೆ ಕೆಲಸ ಹುಡುಕುತ್ತಿದ್ದೆ. ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಖಾತೆಯನ್ನು 2019ರಲ್ಲಿ ಮಾಡಿಕೊಟ್ಟಿದ್ದು ನಮ್ಮ ಭಾವ. ಆಫೀಸ್ ಮೇಲ್ ಹಾಕಿದರೆ ತೂಕ ಇರುತ್ತೆ ಅಂತ ಅದನ್ನೇ ಹಾಕಿದ್ದರು, ನಂಬರೂ ಆಫೀಸಿನ ಸಿಯುಜಿ ಸಿಮ್‌ನದೇ. ಸಿಯುಜಿ ಅಂದರೆ ಕಂಪನಿ ತನ್ನ ಸಿಬ್ಬಂದಿಗೆ ಕೊಡುವ ಸಿಮ್. ಈಗ ಕೆಲಸ ಹುಡುಕುತ್ತಿದ್ದೇನೆ ಎಂದು ತೋರಿಸುವ ‘ಓಪನ್ ಟು ವರ್ಕ್’ ಆನ್ ಮಾಡಿಕೊಟ್ಟಿದ್ದೂ ಅವರೇ. ಫೋಟೋ ಸುತ್ತ ಹಸಿರು ಪಟ್ಟಿ ಬಂತು. ಸ್ಟೋರ್ಸ್‌ನಲ್ಲಿರುವ ಸಹೋದ್ಯೋಗಿ ಅದರ ಸ್ಕ್ರೀನ್‌ಶಾಟ್ ತೆಗೆದು ಡಿಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿ, ‘ನಮ್ಮನ್ನೆಲ್ಲ ಬಿಟ್ಟು ಹೊರಟ್ರಾ ಮೇಡಂ?’ ಅಂದಳು. ಮ್ಯಾನೇಜರ್ ಕರೆದು ಕೇಳಿದರು. ಗಾಬರಿಯಲ್ಲಿ ‘ಕೈತಪ್ಪಿ ಒತ್ತಿಬಿಟ್ಟೆ ಸರ್’ ಅಂದೆ. ಅವತ್ತಿನಿಂದ ಅವರ ಮಾತೇ ಬದಲಾಗಿದೆ. ಹೊಸ ವರ್ಷದ ರೇಟ್ ಕಾಂಟ್ರಾಕ್ಟ್ (ಸಪ್ಲೈಯರ್‌ಗಳ ಜತೆಗಿನ ದರ ಒಪ್ಪಂದ) ಫೈಲನ್ನು ನನ್ನಿಂದ ತೆಗೆದು ಜೂನಿಯರ್‌ಗೆ ಕೊಟ್ಟರು. ಸರ್ ಹತ್ತಿರ ಕ್ಷಮೆ ಕೇಳಲೇ? ಖಾತೆಯನ್ನೇ ಅಳಿಸಿಬಿಡಲೇ? ಆ ಸಹೋದ್ಯೋಗಿಯ ಮುಖ ನೋಡಲು ಮನಸ್ಸಾಗುತ್ತಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.*

*— ಹೆಸರು ಬೇಡ, ಮೈಸೂರು*

ನಿಮ್ಮ ಪತ್ರದ ಮುಕ್ಕಾಲು ಭಾಗ ಸ್ಕ್ರೀನ್‌ಶಾಟ್, ಮ್ಯಾನೇಜರ್ ಮತ್ತು ಆ ಸಹೋದ್ಯೋಗಿಯದೇ. ನನ್ನ ಕಣ್ಣು ಮಾತ್ರ ನೀವು ಅರ್ಧ ಸಾಲಿನಲ್ಲಿ ದಾಟಿಸಿಬಿಟ್ಟ ಮಾತಿನ ಮೇಲೇ ನಿಂತಿತು: ‘ಆಫೀಸ್ ಮೇಲ್ ಹಾಕಿದರೆ ತೂಕ ಇರುತ್ತೆ ಅಂತ ಅದನ್ನೇ ಹಾಕಿದ್ದರು, ನಂಬರೂ ಆಫೀಸಿನ ಸಿಯುಜಿ ಸಿಮ್‌ನದೇ.’ ನಿಮ್ಮ ನಿದ್ದೆ ಕೆಡಿಸಬೇಕಾಗಿದ್ದದ್ದು ಈ ಮಾತು. ಮ್ಯಾನೇಜರ್ ಮುನಿಸು ಒಂದು ತಿಂಗಳಲ್ಲಿ ಇಳಿಯುತ್ತದೆ. ಈ ಖಾತೆ ಕೈತಪ್ಪಿದರೆ ಒಂಬತ್ತು ವರ್ಷದ ಪರಿಚಯಗಳೆಲ್ಲ ಒಂದೇ ಸಂಜೆಗೆ ಹೋಗುತ್ತವೆ.

ಹೇಗೆ ಹೋಗುತ್ತವೆ ಅಂದರೆ, ನೀವು ರಾಜೀನಾಮೆ ಕೊಟ್ಟು ನೋಟಿಸ್ ಮುಗಿಸಿ ಕೊನೆಯ ದಿನ ಲ್ಯಾಪ್‌ಟಾಪು, ಐಡಿ ಕಾರ್ಡು, ಸಿಮ್ಮು ಒಪ್ಪಿಸಿ ಬರುತ್ತೀರಿ. ಸಂಜೆಯೊಳಗೆ ಐಟಿಯವರು ನಿಮ್ಮ ಮೇಲ್ ಪೆಟ್ಟಿಗೆ ಮುಚ್ಚುತ್ತಾರೆ. ಪರ್ಚೇಸ್‌ನಂಥ ವಿಭಾಗದಲ್ಲಿ ಪೂರ್ತಿ ಮುಚ್ಚುವುದೂ ಇಲ್ಲ. ಸಪ್ಲೈಯರ್‌ಗಳ ಮೇಲ್ ತಪ್ಪಿಹೋಗಬಾರದೆಂದು ನಿಮ್ಮ ವಿಳಾಸಕ್ಕೆ ಬಂದದ್ದೆಲ್ಲ ಮ್ಯಾನೇಜರಿಗೋ ನಿಮ್ಮ ಜಾಗಕ್ಕೆ ಬಂದವರಿಗೋ ಹೋಗುವಂತೆ ತಿರುಗಿಸಿಡುತ್ತಾರೆ. ಸಿಮ್ ಮಾರನೇ ದಿನವೇ ಇನ್ನೊಬ್ಬರ ಫೋನಿನಲ್ಲಿರುತ್ತದೆ. ಒಂದು ತಿಂಗಳ ಮೇಲೆ ಹೊಸ ಫೋನು ಕೊಳ್ಳುತ್ತೀರಿ, ಲಿಂಕ್ಡ್‌ಇನ್ ಪಾಸ್‌ವರ್ಡ್ ಕೇಳುತ್ತದೆ, ನೆನಪಿರುವುದಿಲ್ಲ, ‘ಫರ್ಗಾಟ್ ಪಾಸ್‌ವರ್ಡ್’ ಒತ್ತುತ್ತೀರಿ. ಆ ಕೊಂಡಿ ಹೋಗಿ ಬೀಳುವುದು ನೀವು ಬಿಟ್ಟುಬಂದ ಪೆಟ್ಟಿಗೆಗೆ. ಒಟಿಪಿ ಹೋಗುವುದು ನೀವು ಒಪ್ಪಿಸಿಬಂದ ಸಿಮ್ಮಿಗೆ. ನೀವು ಒಳಗೆ ಹೋಗಲಾರಿರಿ. ಆ ಪೆಟ್ಟಿಗೆ ನೋಡುವವರು ಮನಸ್ಸು ಮಾಡಿದರೆ ಹೋಗಬಲ್ಲರು. ಆಮೇಲೆ ಸರ್ಕಾರಿ ಗುರುತಿನ ಚೀಟಿ ಅಪ್‌ಲೋಡ್ ಮಾಡಿ ಖಾತೆ ವಾಪಸ್ ಕೇಳುವ ದಾರಿ ಇದೆ. ಆದರೆ ಪ್ರೊಫೈಲಿನ ಹೆಸರೂ ಚೀಟಿಯ ಹೆಸರೂ ಹೊಂದಬೇಕು. ಮದುವೆಗೆ ಮುಂಚಿನ ಇನಿಶಿಯಲ್ ಒಂದರಲ್ಲಿ, ಯಜಮಾನರ ಹೆಸರು ಇನ್ನೊಂದರಲ್ಲಿ ಇರುವುದು ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು.

ಇದು ನಾಳೆಯ ಅಪಾಯ. ಇವತ್ತಿನದೂ ಒಂದಿದೆ. ‘ನಿಮಗೆ ಹೊಂದುವ 8 ಹೊಸ ಕೆಲಸಗಳು’, ‘ನಿಮ್ಮ ಅರ್ಜಿಯನ್ನು ನೋಡಲಾಗಿದೆ’ ಎನ್ನುವ ಮೇಲ್‌ಗಳೆಲ್ಲ ಇಷ್ಟು ದಿನ ಕಂಪನಿಯ ಸರ್ವರ್‌ಗೇ ಬಂದು ಬಿದ್ದಿವೆ. ನೀವು ಡಿಲೀಟ್ ಮಾಡಿದರೂ ಬ್ಯಾಕಪ್‌ನಲ್ಲಿ ಉಳಿಯಬಹುದು. ಆಫೀಸ್ ಮೇಲ್ ಕಂಪನಿಯ ಸ್ವತ್ತು, ಬೇಕಾದಾಗ ತೆರೆದು ನೋಡುವ ಹಕ್ಕು ನಮಗಿದೆ ಅಂತ ಐಟಿ ಪಾಲಿಸಿಯಲ್ಲಿ ಬರೆದುಕೊಂಡಿರುವ ಕಂಪನಿಗಳೇ ಹೆಚ್ಚು. ಸೇರಿದ ದಿನ ಸಹಿ ಹಾಕಿದ ಕಾಗದಗಳಲ್ಲಿ ಅದೂ ಒಂದಿದ್ದೀತು. ಸಂಬಳ ಕೊಡುವವರ ವಿಳಾಸದಲ್ಲಿ ಸ್ವಂತದ್ದು ಏನನ್ನೂ ಇಡಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಸಾಲದು.

ಈಗ ಹೇಳಿ, ತಪ್ಪು ಯಾರದು? ನೀವು ಆ ಸಹೋದ್ಯೋಗಿಯ ಕಡೆ ಬೆರಳು ತೋರಿಸುತ್ತಿದ್ದೀರಿ. ಅವಳು ಮಾಡಿದ್ದು ಸಣ್ಣತನವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳು ಫೋಟೋ ತೆಗೆದದ್ದು ಇಡೀ ಲೋಕಕ್ಕೆ ಕಾಣುವಂತೆ ತೂಗುಹಾಕಿದ್ದ ಬೋರ್ಡನ್ನು. ತೂಗುಹಾಕಿದವರು ನಿಮ್ಮ ಭಾವ. ನನ್ನ ಸಿಟ್ಟೆಲ್ಲ ಅವರ ಮೇಲೆ. ಮನೆಯಲ್ಲಿ ‘ಕಂಪ್ಯೂಟರ್ ಗೊತ್ತಿರುವವರು’ ಎಂದು ಒಬ್ಬರಿರುತ್ತಾರೆ. ನಾದಿನಿಯ ರೆಸ್ಯೂಮೆ, ಅತ್ತೆಯ ಪಿಂಚಣಿ ಅರ್ಜಿ, ಎಲ್ಲವನ್ನೂ ತಾವೇ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಯಾವ ಮೇಲ್, ಯಾವ ನಂಬರ್, ಯಾರಿಗೆ ಕಾಣುತ್ತದೆ ಎಂದು ಖಾತೆಯ ಒಡತಿಯನ್ನು ಕೂರಿಸಿಕೊಂಡು ಒಂದು ಮಾತು ಕೇಳುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ, ಒಪ್ಪುತ್ತೇನೆ. ಆದರೆ ‘ತೂಕ ಇರುತ್ತೆ’ ಎಂಬ ಮಾತಿಗೆ ಆಧಾರವೇ ಇಲ್ಲ. ನೀವು ಯಾವ ಮೇಲ್‌ನಿಂದ ಲಾಗಿನ್ ಆಗುತ್ತೀರಿ ಎಂಬುದು ನಿಮ್ಮ ಪ್ರೊಫೈಲ್‌ನ ತೂಕವನ್ನು ಒಂದು ಗುಂಜಿಯಷ್ಟೂ ಹೆಚ್ಚಿಸುವುದಿಲ್ಲ. ಕಾಣುವುದು ನಿಮ್ಮ ಹೆಸರು, ಹುದ್ದೆ, ಅನುಭವ.

ಹಸಿರು ಪಟ್ಟಿಯ ವಿಷಯವೂ ಅಷ್ಟೆ. ‘ಓಪನ್ ಟು ವರ್ಕ್’ ಆನ್ ಮಾಡುವಾಗ ಲಿಂಕ್ಡ್‌ಇನ್ ಒಂದು ಪ್ರಶ್ನೆ ಕೇಳುತ್ತದೆ: ಇದು ಯಾರಿಗೆ ಕಾಣಬೇಕು? ‘ಆಲ್ ಲಿಂಕ್ಡ್‌ಇನ್ ಮೆಂಬರ್ಸ್’ ಎಂದರೆ ಫೋಟೋಗೆ ಹಸಿರು ಪಟ್ಟಿ ಬೀಳುತ್ತದೆ, ಮ್ಯಾನೇಜರ್ ಸೇರಿದಂತೆ ಎಲ್ಲರಿಗೂ ಕಾಣುತ್ತದೆ. ‘ರಿಕ್ರೂಟರ್ಸ್ ಓನ್ಲಿ’ ಎಂದರೆ ಪಟ್ಟಿ ಇಲ್ಲ. ನೇಮಕಾತಿಯವರು ಹಣ ಕೊಟ್ಟು ಬಳಸುವ ಲಿಂಕ್ಡ್‌ಇನ್ ರಿಕ್ರೂಟರ್‌ನಲ್ಲಿ ಮಾತ್ರ ನೀವು ಸಿಗುತ್ತೀರಿ. ಕೆಲಸದಲ್ಲಿ ಇದ್ದುಕೊಂಡೇ ಹುಡುಕುವವರಿಗೆ ಇರುವುದು ಈ ಎರಡನೆಯದು. ಅದರಲ್ಲೂ ಪೂರ್ತಿ ಭರವಸೆ ಇಲ್ಲ. ಈಗಿನ ಕಂಪನಿಯ ನೇಮಕಾತಿಯವರಿಗೆ ಕಾಣದಂತೆ ಮರೆಮಾಡಲು ಪ್ರಯತ್ನಿಸುತ್ತೇವೆ, ಖಾತ್ರಿ ಕೊಡಲಾರೆವು ಎಂದು ಲಿಂಕ್ಡ್‌ಇನ್ ತಾನೇ ಹೇಳುತ್ತದೆ. ನಿಮ್ಮ ಅನುಭವದ ಪಟ್ಟಿಯಲ್ಲಿ ಕಂಪನಿ ಹೆಸರಿನ ಪಕ್ಕ ಲೋಗೋ ಬರದೆ ಬೂದು ಚೌಕ ಇದ್ದರೆ, ಹೆಸರನ್ನು ಕೈಯಲ್ಲಿ ಟೈಪ್ ಮಾಡಿದ್ದಾರೆ, ಕಂಪನಿಯ ಪುಟಕ್ಕೆ ಜೋಡಿಸಿಲ್ಲ ಎಂದಿರಬಹುದು. ಆಗ ನಿಮ್ಮ ಕಂಪನಿ ಯಾವುದೆಂದು ಅದಕ್ಕೆ ಸರಿಯಾಗಿ ಗೊತ್ತಾಗದೆ ಹೋಗಬಹುದು. ಇನ್ನು ಹೊರಗಿನ ಪ್ಲೇಸ್‌ಮೆಂಟ್ ಏಜೆನ್ಸಿಯವರಿಗಂತೂ ನೀವು ಕಂಡೇ ಕಾಣುತ್ತೀರಿ. ಮೈಸೂರಿನಂಥ ಊರಿನಲ್ಲಿ ಆ ಏಜೆನ್ಸಿಯವರೂ ನಿಮ್ಮ ಎಚ್‌ಆರ್‌ನವರೂ ಒಂದೇ ಟೇಬಲ್ಲಿನಲ್ಲಿ ಕಾಫಿ ಕುಡಿಯುವವರು ಎಂಬುದನ್ನು ಮರೆಯಬೇಡಿ. ಆದ್ದರಿಂದ ಸದ್ಯಕ್ಕೆ ‘ಓಪನ್ ಟು ವರ್ಕ್’ ಅನ್ನು ಪೂರ್ತಿ ಆಫ್ ಮಾಡಿ. ಮ್ಯಾನೇಜರ್ ಜತೆ ಮಾತಾಡಿದ ಮೇಲೆ ಬೇಕಾದರೆ ಆನ್ ಮಾಡಿಕೊಳ್ಳಿ.

ಖಾತೆ ಅಳಿಸುವ ಯೋಚನೆ ಬಿಟ್ಟುಬಿಡಿ. ಮುಚ್ಚಿದ ಖಾತೆಯನ್ನು ಸಾಮಾನ್ಯವಾಗಿ 14 ದಿನದೊಳಗೆ ಮತ್ತೆ ತೆರೆಯಬಹುದು. ಹಾಗೆ ತೆರೆದರೂ ಬೇರೆಯವರು ನಿಮ್ಮ ಬಗ್ಗೆ ಬರೆದುಕೊಟ್ಟ ರೆಕಮೆಂಡೇಶನ್‌ಗಳು ವಾಪಸ್ ಬರುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ನಿಮಗೆ ಬೆಂಗಳೂರಿನಲ್ಲಿ ಕೆಲಸ ಸಿಗುವುದಾದರೆ ಸಿಗುವುದು ಆ ಪರಿಚಯಗಳಿಂದಲೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪರಿಚಯದವರ ಮೂಲಕ ಕೆಲಸ ಪಡೆದವರನ್ನು ಆ ಪರಿಚಯದವರು ನಿಮಗೆ ಎಷ್ಟು ಸಲ ಸಿಗುತ್ತಿದ್ದರು ಎಂದು ಕೇಳಿದ ಲೆಕ್ಕವಿದೆ. ಪದೇಪದೇ ಸಿಗುತ್ತಿದ್ದರು ಎಂದವರು ಶೇ 16.7. ಅಪರೂಪಕ್ಕೊಮ್ಮೆ ಎಂದವರು ಶೇ 27.8. ಉಳಿದ ಶೇ 55.6 ಮಂದಿಯದು ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಯ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನೇ ಎರಡು ಕೋಟಿಗೂ ಹೆಚ್ಚು ಲಿಂಕ್ಡ್‌ಇನ್ ಬಳಕೆದಾರರ ಮೇಲೆ ಪರೀಕ್ಷಿಸಿತು. ಅಲ್ಲೂ ಹೊಸ ಕೆಲಸಕ್ಕೆ ಹೆಚ್ಚು ಒದಗಿದ್ದು ತೀರಾ ಹತ್ತಿರದವರಲ್ಲ, ಅಷ್ಟಿಷ್ಟು ಪರಿಚಯದವರೇ. ಕಾರಣ ಸರಳ. ನಿಮ್ಮ ಪಕ್ಕದ ಮೇಜಿನವರಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ. ನಾಲ್ಕು ವರ್ಷದ ಹಿಂದೆ ಕ್ವಾಲಿಟಿ ಆಡಿಟ್‌ಗೆ ಬಂದುಹೋದವರಿಗೆ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಯಾವ ಕಂಪನಿ ಪರ್ಚೇಸ್‌ಗೆ ಜನ ಹುಡುಕುತ್ತಿದೆ ಎಂದು ಗೊತ್ತಿರುತ್ತದೆ. ಅಂಥವರೆಲ್ಲ ನಿಮ್ಮ ಈ ಖಾತೆಯೊಳಗೇ ಕೂತಿದ್ದಾರೆ.

ಆದ್ದರಿಂದ ನಿಮಗೆ ನಾನು ಕೊಡುವ ಸೂಚನೆ ಒಂದೇ: ಖಾತೆಯ ಮೇಲ್ ಮತ್ತು ನಂಬರನ್ನು ಇವತ್ತೇ ಬದಲಾಯಿಸಿ. ಅದಾಗುವವರೆಗೆ ಮ್ಯಾನೇಜರ್ ಹತ್ತಿರ ಮಾತಾಡಬೇಡಿ, ರಾಜೀನಾಮೆ ಬರೆಯಬೇಡಿ, ಒಂದೇ ಒಂದು ಅರ್ಜಿಯನ್ನೂ ಹಾಕಬೇಡಿ.

ಮಾಡುವ ಕ್ರಮವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಹಿಂದುಮುಂದಾದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮೊದಲು ನಿಮ್ಮ ಸ್ವಂತ ಹೆಸರಿನಲ್ಲಿ ಒಂದು ಸಿಮ್, ಒಂದು ಜಿಮೇಲ್ ಇಟ್ಟುಕೊಳ್ಳಿ. ಜಿಮೇಲ್‌ಗೆ ಜೋಡಿಸಿದ ನಂಬರೂ ಸ್ವಂತದ್ದೇ ಆಗಿರಲಿ. ಆಫೀಸಿನ ವೈಫೈ ಬಿಟ್ಟು ನಿಮ್ಮ ಮೊಬೈಲ್ ಡೇಟಾದಲ್ಲಿ ಲಿಂಕ್ಡ್‌ಇನ್ ಆ್ಯಪ್ ತೆರೆಯಿರಿ. ಎಡಮೇಲೆ ನಿಮ್ಮ ಫೋಟೋ ಒತ್ತಿ ‘ಸೆಟ್ಟಿಂಗ್ಸ್’ಗೆ ಹೋಗಿ, ಅಲ್ಲಿ ‘ಸೈನ್ ಇನ್ ಅಂಡ್ ಸೆಕ್ಯುರಿಟಿ’, ಅದರೊಳಗೆ ‘ಇಮೇಲ್ ಅಡ್ರೆಸಸ್’. ಹೊಸ ಜಿಮೇಲ್ ಸೇರಿಸಿ. ಪಾಸ್‌ವರ್ಡ್ ಕೇಳಬಹುದು. ಹಳೆಯ ವಿಳಾಸಕ್ಕೆ ಒಂದು ಪಿನ್ ಕಳಿಸಿ ಅದನ್ನು ಹಾಕಿ ಎನ್ನಲೂಬಹುದು. ಇವತ್ತೇ ಮಾಡಿ ಎನ್ನುವುದು ಇದಕ್ಕೇ: ಈಗ ನೀವು ಆ ಪೆಟ್ಟಿಗೆ ತೆರೆದು ಪಿನ್ ನೋಡಬಲ್ಲಿರಿ, ಬಿಟ್ಟ ಮೇಲೆ ಆಗುವುದಿಲ್ಲ. ಜಿಮೇಲ್‌ಗೆ ಬಂದ ಮೇಲ್ ತೆರೆದು ಖಚಿತಪಡಿಸಿ. ಆಮೇಲೆ ಅದನ್ನು ‘ಪ್ರೈಮರಿ’ ಮಾಡಿ. ಪ್ರೈಮರಿ ಆಗಿದೆ ಎಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಆಫೀಸ್ ವಿಳಾಸ ತೆಗೆಯಿರಿ. ಹಳೆಯ ವಿಳಾಸಕ್ಕೆ ‘ಬದಲಾವಣೆ ಆಗಿದೆ’ ಎಂಬ ಸೂಚನೆ ಹೋದರೆ ಹೋಗಲಿ, ಅದರಲ್ಲಿ ಮುಚ್ಚುಮರೆಯ ವಿಷಯವೇನೂ ಇಲ್ಲ.

ಅದೇ ಜಾಗದಲ್ಲಿ ‘ಫೋನ್ ನಂಬರ್ಸ್’ ಇದೆ. ಸ್ವಂತ ನಂಬರ್ ಹಾಕಿ, ಸಿಯುಜಿ ನಂಬರ್ ತೆಗೆಯಿರಿ. ನಂತರ ಪಾಸ್‌ವರ್ಡ್ ಬದಲಾಯಿಸಿ. ಬದಲಾಯಿಸುವಾಗ ಎಲ್ಲ ಸಾಧನಗಳಲ್ಲೂ ಹೊಸ ಪಾಸ್‌ವರ್ಡ್ ಕೇಳಲಿ ಎಂಬ ಗುರುತು ಹಾಕುವುದನ್ನು ಮರೆಯಬೇಡಿ. ಆಫೀಸ್ ಕಂಪ್ಯೂಟರು, ಭಾವನ ಲ್ಯಾಪ್‌ಟಾಪು, ಎಲ್ಲಿ ತೆರೆದಿದ್ದರೂ ಹೊರಬೀಳುತ್ತದೆ. ‘ವೇರ್ ಯು ಆರ್ ಸೈನ್ಡ್ ಇನ್’ ಪಟ್ಟಿ ನೋಡಿ, ನಿಮ್ಮ ಫೋನ್ ಒಂದೇ ಉಳಿದಿರಬೇಕು. ಕೊನೆಗೆ ಎರಡು ಹಂತದ ಪರಿಶೀಲನೆ ಆನ್ ಮಾಡಿ.

ಇಷ್ಟಾದ ಮೇಲೆ ‘ಡೇಟಾ ಪ್ರೈವೆಸಿ’ಯಲ್ಲಿ ‘ಗೆಟ್ ಎ ಕಾಪಿ ಆಫ್ ಯುವರ್ ಡೇಟಾ’ ಎಂಬುದಿದೆ. ‘ಕನೆಕ್ಷನ್ಸ್’ ಮಾತ್ರ ಆರಿಸಿದರೆ ಕೆಲವು ನಿಮಿಷಗಳಲ್ಲಿ ಮೇಲ್‌ಗೆ ಕೊಂಡಿ ಬರುತ್ತದೆ: ಪ್ರತಿಯೊಬ್ಬರ ಹೆಸರು, ಕಂಪನಿ, ಹುದ್ದೆ, ಯಾವ ದಿನ ಜತೆಯಾದಿರಿ ಎಂಬ ವಿವರ. ಮೇಲ್ ವಿಳಾಸ ಇರುವುದು ಅದಕ್ಕೆ ಒಪ್ಪಿದವರದು ಮಾತ್ರ. ಈ ಕೊಂಡಿ ಹೋಗುವುದು ಪ್ರೈಮರಿ ವಿಳಾಸಕ್ಕೆ. ಮೇಲ್ ಬದಲಾಯಿಸುವ ಮುಂಚೆಯೇ ಇದನ್ನು ಒತ್ತಿದರೆ ಇಡೀ ಪಟ್ಟಿ ಆಫೀಸ್ ಪೆಟ್ಟಿಗೆಗೆ ಹೋಗಿ ಕೂರುತ್ತದೆ.

ಇಲ್ಲೊಂದು ಗೆರೆ ಎಳೆಯುತ್ತೇನೆ. ಲಿಂಕ್ಡ್‌ಇನ್‌ನ ನಿಮ್ಮ ಪರಿಚಯದ ಪಟ್ಟಿ ನಿಮ್ಮದು. ಆಫೀಸ್ ಮೇಲ್‌ನಲ್ಲಿರುವ ಕೊಟೇಶನ್, ರೇಟ್ ಶೀಟ್, ಡ್ರಾಯಿಂಗ್, ಸಪ್ಲೈಯರ್ ಮಾಸ್ಟರ್ (ಸಪ್ಲೈಯರ್‌ಗಳ ಪೂರ್ತಿ ಪಟ್ಟಿ) ನಿಮ್ಮದಲ್ಲ. ‘ಮುಂದೆ ಬೇಕಾಗಬಹುದು’ ಎಂದು ಅವುಗಳಲ್ಲಿ ಒಂದನ್ನೂ ಜಿಮೇಲ್‌ಗೆ ಫಾರ್ವರ್ಡ್ ಮಾಡಬೇಡಿ. ಒಳ್ಳೆಯ ಕೆಲಸಗಾರರು ಕೊನೆಯ ವಾರದಲ್ಲಿ ಹೆಸರು ಕೆಡಿಸಿಕೊಳ್ಳುವುದು ಹೀಗೆಯೇ.

ಅದೇ ಸಿಯುಜಿ ನಂಬರ್ ಇನ್ನೆಲ್ಲಿದೆ ಎಂದೂ ಒಮ್ಮೆ ಕೂತು ಯೋಚಿಸಿ. ಆಧಾರ್, ಬ್ಯಾಂಕ್, ಪಿಎಫ್‌ನ ಯುಎಎನ್ (ಪಿಎಫ್ ಸದಸ್ಯರ ಖಾತೆ ಸಂಖ್ಯೆ), ಮಗಳ ಶಾಲೆ. ಪಿಎಫ್ ವರ್ಗಾಯಿಸುವಾಗ ಒಟಿಪಿ ಬೇರೆಯವರ ಫೋನಿಗೆ ಹೋದರೆ ಆಗುವ ಪರದಾಟ ಲಿಂಕ್ಡ್‌ಇನ್‌ನದಕ್ಕಿಂತ ದೊಡ್ಡದು. ವಾಟ್ಸಾಪ್ ಕೂಡ ಅದರಲ್ಲೇ ಇದ್ದರೆ ‘ಅಕೌಂಟ್’ನಲ್ಲಿ ‘ಚೇಂಜ್ ನಂಬರ್’ ಬಳಸಿ, ಗ್ರೂಪುಗಳ ಸಮೇತ ಹೊಸ ನಂಬರಿಗೆ ಬರುತ್ತದೆ.

ಇನ್ನು ನಿಮ್ಮ ಮ್ಯಾನೇಜರ್. ಅವರ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಅವರ ಜಾಗದಲ್ಲಿ ನಿಂತು ನೋಡಿ. ರೇಟ್ ಕಾಂಟ್ರಾಕ್ಟ್ ಎಂದರೆ ಇಡೀ ವರ್ಷ ಸಪ್ಲೈಯರ್ ಜತೆ ನಡೆಯುವ ಮಾತು. ಏಪ್ರಿಲ್‌ನಲ್ಲಿ ಒಪ್ಪಿದ ದರದ ಬಗ್ಗೆ ಸೆಪ್ಟೆಂಬರ್‌ನಲ್ಲಿ ತಕರಾರು ಬಂದರೆ, ಮಾತಾಡಿದವರೇ ಇರಬೇಕು. ಹೊರಡುವವರ ಕೈಯಿಂದ ಆ ಫೈಲ್ ತೆಗೆದು ಉಳಿಯುವವರಿಗೆ ಕೊಡುವುದು ಯಾವ ಪರ್ಚೇಸ್ ಮುಖ್ಯಸ್ಥರಾದರೂ ಮಾಡುವ ಕೆಲಸ. ಅವರಿಗೆ ನೋವಾಗಿರುವುದು ನೀವು ಹೊರಟಿದ್ದಕ್ಕಲ್ಲ. ವಿಷಯ ಗ್ರೂಪಿನಿಂದ ಗೊತ್ತಾಯಿತು, ಕರೆದು ಕೇಳಿದಾಗಲೂ ನೀವು ಸುಳ್ಳು ಹೇಳಿದಿರಿ, ಅದಕ್ಕೆ. ಮುಂದಿನ ಕಂಪನಿಯವರು ಹಿನ್ನೆಲೆ ವಿಚಾರಿಸಲು ಫೋನ್ ಮಾಡುವುದೂ ಇವರಿಗೇ ಎಂಬುದು ನೆನಪಿರಲಿ.

ಕ್ಷಮೆ ಕೇಳುವುದು ಬೇಡ, ಕೆಲಸ ಹುಡುಕುವುದು ತಪ್ಪಲ್ಲ. ಸುಳ್ಳನ್ನು ಮಾತ್ರ ಸರಿಪಡಿಸಿ. ಬೆಳಗ್ಗೆ ಮೀಟಿಂಗ್ ಶುರುವಾಗುವ ಮುಂಚೆ ಐದು ನಿಮಿಷ ಕೇಳಿ ಹೋಗಿ ಕೂತು ಹೇಳಿ: ‘ಸರ್, ಅವತ್ತು ಕೈತಪ್ಪಿ ಒತ್ತಿದೆ ಅಂದೆ, ಅದು ನಿಜ ಅಲ್ಲ. ಮನೆಯವರಿಗೆ ಬೆಂಗಳೂರಿಗೆ ವರ್ಗ ಆಗಿದೆ, ನಾನೂ ಅಲ್ಲಿ ನೋಡ್ತಾ ಇದ್ದೀನಿ. ಇನ್ನೂ ಯಾವುದೂ ಗೊತ್ತಾಗಿಲ್ಲ. ಗೊತ್ತಾದ ದಿನ ಮೊದಲು ನಿಮಗೇ ಹೇಳ್ತೀನಿ. ನೋಟಿಸ್ ಪೂರ್ತಿ ಮಾಡಿ, ಫೈಲೆಲ್ಲ ಒಪ್ಪಿಸಿಯೇ ಹೋಗೋದು.’ ಇಷ್ಟೇ. ಸ್ಟೋರ್ಸ್‌ನವಳ ಹೆಸರು ಎತ್ತಬೇಡಿ, ಭಾವನ ಹೆಸರೂ ಬೇಡ. ಗ್ರೂಪಿನಲ್ಲಿ ಆ ಸ್ಕ್ರೀನ್‌ಶಾಟ್‌ಗೆ ಉತ್ತರ ಕೊಡಲು ಹೋಗಬೇಡಿ. ಅವಳು ಎದುರು ಸಿಕ್ಕಾಗ ಜಿಆರ್‌ಎನ್ (ಸರಕು ಬಂದ ರಸೀದಿ), ಸ್ಟಾಕ್ ಎಂದು ಕೆಲಸದ ಮಾತಾಡಿ ಮುಂದೆ ಹೋಗಿ.

ಆಮೇಲೆ ಲಿಂಕ್ಡ್‌ಇನ್‌ನಿಂದ ಇಳಿಸಿಕೊಂಡ ಪರಿಚಯದವರ ಪಟ್ಟಿ ತೆರೆದು ಹತ್ತು ಹೆಸರು ಗುರುತುಹಾಕಿ. ಆರಿಸುವಾಗ ಒಂದು ಎಚ್ಚರ ಬೇಕು, ಇದು ಪರ್ಚೇಸ್‌ನವರಿಗೆ ಮಾತ್ರ ಇರುವ ತೊಡಕು. ಈಗ ಯಾರ ಕೊಟೇಶನ್ ನಿಮ್ಮ ಮೇಜಿನ ಮೇಲಿದೆಯೋ, ಯಾರ ಪಿಒ (ಖರೀದಿ ಆದೇಶ) ಬಾಕಿ ಇದೆಯೋ, ಅವರಲ್ಲಿ ಕೆಲಸದ ಮಾತೆತ್ತಬೇಡಿ. ಪೀಣ್ಯದ ಸಪ್ಲೈಯರ್ ಸಂತೋಷವಾಗಿ ಸಹಾಯ ಮಾಡಿಯಾರು, ಆದರೆ ಮರುದಿನ ಅವರ ದರವನ್ನು ನೀವು ತೂಗಬೇಕು. ಆ ಋಣ ಯಾರಿಗೂ ಒಳ್ಳೆಯದಲ್ಲ. ವ್ಯವಹಾರ ಮುಗಿದ ಹಳೆಯ ಸಪ್ಲೈಯರ್‌ಗಳು, ಕಂಪನಿ ಬಿಟ್ಟುಹೋದ ಹಳೆಯ ಸಹೋದ್ಯೋಗಿಗಳು, ಆಡಿಟರ್‌ಗಳು, ತರಬೇತಿಗೆ ಬಂದಿದ್ದವರು, ಇವರು ಸಾಕು.

ಈಗಾಗಲೇ ಕನೆಕ್ಷನ್ ಆಗಿರುವವರಿಗೆ ನೇರವಾಗಿ ಮೆಸೇಜ್ ಕಳಿಸಬಹುದು. ರೆಸ್ಯೂಮೆ ಅಂಟಿಸಿ ‘ಯಾವುದಾದರೂ ಕೆಲಸ ಇದ್ದರೆ ಹೇಳಿ’ ಎಂದರೆ ಓದಿದವರಿಗೆ ಏನು ಮಾಡಬೇಕೆಂದು ತೋಚದೆ ಸುಮ್ಮನಾಗುತ್ತಾರೆ. ಕೆಲಸ ಕೇಳಬೇಡಿ, ಉತ್ತರಿಸಲು ಸುಲಭವಾದ ಒಂದು ಪ್ರಶ್ನೆ ಕೇಳಿ. ‘ನಮಸ್ಕಾರ ಸರ್, 2021ರಲ್ಲಿ ನಮ್ಮ ಪ್ಲಾಂಟಿನ ಆಡಿಟ್‌ಗೆ ಬಂದಾಗ ಕಾಸ್ಟಿಂಗ್ ರಿಜೆಕ್ಷನ್ ಬಗ್ಗೆ ಮಾತಾಡಿದ್ದೆವು. ನಾನು ಜೂನ್ ಹೊತ್ತಿಗೆ ಬೆಂಗಳೂರಿಗೆ ಬರುತ್ತಿದ್ದೇನೆ. ಕಾಸ್ಟಿಂಗ್, ಮಷಿನ್ಡ್ ಭಾಗಗಳ ಖರೀದಿ ನೋಡುವವರಿಗೆ ಬೊಮ್ಮಸಂದ್ರ, ಜಿಗಣಿ ಕಡೆ ಯಾವ ಕಂಪನಿಗಳನ್ನು ನೋಡಬಹುದು ಎನ್ನುತ್ತೀರಿ?’ ಇಂಗ್ಲಿಷಿನಲ್ಲಿ ಬರೆದರೂ ಇದೇ ಅಳತೆ ಇರಲಿ. ಹಳೆಯ ನೆನಪು ಒಂದು ಸಾಲು, ನಿಮ್ಮ ಸ್ಥಿತಿ ಒಂದು ಸಾಲು, ಪ್ರಶ್ನೆ ಒಂದು. ದಿನಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿಗೆ ಕಳಿಸಬೇಡಿ, ಉತ್ತರ ಬಂದಾಗ ಮಾತು ಮುಂದುವರಿಸಲು ನಿಮಗೆ ಬಿಡುವಿರಬೇಕು.

ಪ್ರೊಫೈಲಿನಲ್ಲಿ ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಜಾಗವಿದೆ. ಅಲ್ಲಿ ಬರೀ ಹುದ್ದೆ ಮತ್ತು ಕಂಪನಿ ಹೆಸರಿದ್ದರೆ ಜಾಗ ದಂಡ. ಏನು ಕೊಳ್ಳುತ್ತೀರಿ, ಎಷ್ಟು ವರ್ಷದಿಂದ, ಸ್ಯಾಪ್ ಸಾಫ್ಟ್‌ವೇರ್ ಬರುತ್ತದೆಯೇ, ಆಮದು ನೋಡಿದ್ದೀರಾ, ಅದನ್ನು ಬರೆಯಿರಿ. ರಿಕ್ರೂಟರ್ ಹುಡುಕುವುದು ಆ ಪದಗಳನ್ನೇ. ಬರೆಯುವ ಮುಂಚೆ ‘ವಿಸಿಬಿಲಿಟಿ’ಯಲ್ಲಿ ಪ್ರೊಫೈಲ್ ಬದಲಾವಣೆಗಳನ್ನು ಪರಿಚಯದವರಿಗೆ ಸಾರುವುದನ್ನು ಆಫ್ ಮಾಡಿ. ಸಪ್ಲೈಯರ್ ಹೆಸರು, ದರ, ಎಷ್ಟು ಲಕ್ಷ ಉಳಿಸಿಕೊಟ್ಟೆ ಎಂಬ ಲೆಕ್ಕ ಅಲ್ಲಿ ಬೇಡ. ಅವು ಸಂದರ್ಶನದಲ್ಲೂ ಅಳೆದು ಆಡಬೇಕಾದ ಮಾತುಗಳು.

ಇಷ್ಟೆಲ್ಲ ಆದಮೇಲೆ ಒಂದು ಭಾನುವಾರ ಭಾವ ಮನೆಗೆ ಬಂದು, ‘ಯಾಕೋ ಪಾಸ್‌ವರ್ಡ್ ತಗೋತಾನೇ ಇಲ್ಲ, ಹೊಸದು ಏನು?’ ಎಂದು ಕೇಳುತ್ತಾರೆ. ‘ಇನ್ಮೇಲೆ ನಾನೇ ನೋಡ್ಕೋತೀನಿ ಭಾವ’ ಅನ್ನಿ, ಕಾಫಿ ಕೊಡಿ. ಪಾಸ್‌ವರ್ಡ್ ಕೊಡಬೇಡಿ.